ಕುರ್ಚಿಗೆ ಬೈಯುತ್ತಿದ್ದ ಅಕ್ಕ

ನಮ್ಮ ಕಡೆ ಹೆಂಗಸರು ಹಗಲು ಹೊತ್ತಿನಲ್ಲಿ ಮಲಗುವುದಿಲ್ಲ. ಜ್ವರ ಬಂದರೂ ಗೋಡೆಗೆ ಒರಗಿ ಕೂತು ಅವರೆಕಾಯಿ ಸುಲಿಯುತ್ತೇವೆ. ಹಾಗೆ ಬೆಳೆದ ನಾನು ಬೆಳಗಿನ ಹತ್ತು ಗಂಟೆಗೆ ಕೊಡಿಗೇಹಳ್ಳಿಯಿಂದ ಹೊರಟು, ಸಂಜಯನಗರದಲ್ಲಿ ಯಾರದೋ ಮನೆಯ ಮಹಡಿ ಹತ್ತಿ, ಚಾಪೆ ಹಾಸಿಕೊಂಡು ಅಂಗಾತ ಮಲಗಿ ಬರುತ್ತಿದ್ದೆ. ಅದಕ್ಕೆ ಯೋಗ ಅಂತ ಹೆಸರು. ಎದುರು ಮನೆಯವರು ಎಲ್ಲಿಗೆ ಹೊರಟಿರಿ ಅಂತ ಕೇಳಿದರೆ ಬ್ಯಾಂಕಿಗೆ ಅನ್ನುತ್ತಿದ್ದೆ. ವಾರಕ್ಕೆರಡು ಸಲ ಬ್ಯಾಂಕಿಗೆ ಹೋಗುವಂಥದ್ದು ಇವರ ಮನೆಯಲ್ಲಿ ಏನಿದೆ ಅಂತ ಅವರು ಎಷ್ಟು ತಲೆ ಕೆಡಿಸಿಕೊಂಡರೋ ಕಾಣೆ.

ಹೋಗಲು ಕಾರಣ ಸೊಂಟ. ಬಗ್ಗಿದರೆ ಏಳಲು ಆಗುತ್ತಿರಲಿಲ್ಲ, ಎದ್ದರೆ ಬಗ್ಗಲು ಆಗುತ್ತಿರಲಿಲ್ಲ. ಕತ್ತು ಎಡಕ್ಕೆ ತಿರುಗುತ್ತಲೇ ಇರಲಿಲ್ಲ. ರಾತ್ರಿ ನಿದ್ದೆ ಇಲ್ಲ, ಹಗಲೆಲ್ಲ ಸಿಡಿಮಿಡಿ. ಆರ್.ಟಿ. ನಗರದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಮೂಳೆಯಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ ಅಂದರು. "ನೋವು ಯಾವಾಗಿಂದ ಶುರುವಾಯ್ತಮ್ಮ?" ಅಂತ ಕೇಳಿದರು. ಒಂದು ವರ್ಷದಿಂದ ಅಂದೆ. ನಿಜ ಹೇಳಬೇಕೆಂದರೆ ಅದು ನಮ್ಮ ಹಲಸಿನ ಮರ ಕಡಿದ ದಿನದಿಂದ ಶುರುವಾಗಿತ್ತು. ಡಾಕ್ಟರ ಮುಂದೆ ಹಲಸಿನ ಮರದ ಮಾತು ಎತ್ತುವುದು ಹೇಗೆ?

ನನ್ನ ತವರು ಶೆಟ್ಟಿಹಳ್ಳಿ. ನಾವು ಇಬ್ಬರೇ ಹೆಣ್ಣುಮಕ್ಕಳು. ಅಮ್ಮ ಬೇಗ ಹೋಗಿಬಿಟ್ಟಳು. ನನ್ನ ತಲೆ ಬಾಚಿ, ಮೂಗು ಒರೆಸಿ, ಹೇನು ಹೆಕ್ಕಿ ಬೆಳೆಸಿದವಳು ಅಕ್ಕ. ಅವಳನ್ನು ಕೊಡಿಗೇಹಳ್ಳಿಗೆ ಕೊಟ್ಟಾಗ ನಾನು ಮದುವೆ ಮಂಟಪದಲ್ಲೇ ಅತ್ತು ರಂಪ ಮಾಡಿದ್ದೆನಂತೆ. ಕೆಲವು ವರ್ಷಗಳ ಮೇಲೆ ಅದೇ ಮನೆಯ ಕಿರಿಯ ಮಗನಿಗೆ ನನ್ನನ್ನು ಕೊಟ್ಟರು. ಅಕ್ಕನೇ ನನಗೆ ಓರಗಿತ್ತಿಯಾದಳು. ಅಕ್ಕತಂಗಿಯರು ಒಂದೇ ಒಲೆಯ ಮುಂದೆ ಬಂದು ಸೇರಿದರು ಅಂತ ಊರಿನವರೆಲ್ಲ ಪುಣ್ಯ ಪುಣ್ಯ ಅಂದರು. ನನಗೂ ಹಾಗೇ ಅನ್ನಿಸಿತ್ತು.

ಅಕ್ಕನ ಬಾಯಿ ಜೋರು. ಅವಳು ನನಗೆ ಬೈಯದ ದಿನ ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಬೈಗುಳ, ಮಳೆಯಲ್ಲಿ ನೆನೆದು ಬಂದರೆ ಬೈಗುಳ, ಊಟ ಬಿಟ್ಟರಂತೂ ಮನೆ ಹಾರಿಹೋಗುವಷ್ಟು ಬೈಗುಳ. ಬೈದು ಮುಗಿಸಿದ ಮೇಲೆ ತಟ್ಟೆ ಇಟ್ಟು, ತುಪ್ಪ ಒಂದು ಚಮಚ ಜಾಸ್ತಿ ಹಾಕುತ್ತಿದ್ದಳು. ಹಾಗಾಗಿ ಅವಳು ಬೈಯಲು ಶುರುಮಾಡಿದರೆ ನನಗೆ ಹಸಿವಾಗುತ್ತಿತ್ತು. ಬೇರೆ ಯಾರಾದರೂ ನನಗೆ ಒಂದು ಮಾತು ಅಂದರೆ ವಾರಗಟ್ಟಲೆ ಮುಖ ಗಂಟಿಕ್ಕಿಕೊಂಡು ಓಡಾಡುವವಳು ನಾನು. ಅಕ್ಕನ ಬೈಗುಳಕ್ಕೆ ಮಾತ್ರ ಒಂದು ದಿನವೂ ಬೇಜಾರು ಮಾಡಿಕೊಂಡದ್ದಿಲ್ಲ.

ಆಮೇಲೆ ಏರ್‌ಪೋರ್ಟ್ ಬಂತು. ರಸ್ತೆ ಅಗಲವಾಯಿತು, ರಾಗಿ ಹೊಲ ಸೈಟಾಯಿತು. ಅಣ್ಣತಮ್ಮಂದಿರು ಹಳೆಯ ಮನೆ ಕೆಡವಿ, ಅಕ್ಕಪಕ್ಕದಲ್ಲೇ ಎರಡು ಮನೆ ಕಟ್ಟಿಸಿದರು. ಎರಡು ಮನೆಯ ನಡುವೆ ಮಾವನವರು ನೆಟ್ಟ ಹಲಸಿನ ಮರ ಇತ್ತು. ನಮ್ಮ ಯಜಮಾನರು ಒಂದು ಮದುವೆಗೆ ಹೋಗಿದ್ದಾಗ ಭಾವ ಆ ಮರ ಕಡಿಸಿ ಬೋರ್‌ವೆಲ್ ಕೊರೆಸಲು ಜಾಗ ಮಾಡಿದರು. ಇವರು ವಾಪಸು ಬಂದು ನೋಡಿದರೆ ಬುಡ ಮಾತ್ರ ಉಳಿದಿತ್ತು, ಅದರಿಂದ ಇನ್ನೂ ಹಾಲು ಸೋರುತ್ತಿತ್ತು. ಮಾತಿಗೆ ಮಾತು ಬೆಳೆಯಿತು. ಕೊರಳಪಟ್ಟಿ ಹಿಡಿಯುವವರೆಗೆ ಹೋಯಿತು.

ಅಷ್ಟಕ್ಕೇ ನಿಂತಿದ್ದರೆ ಯಾವುದಾದರೂ ಹಬ್ಬಕ್ಕೆ ಸರಿಹೋಗುತ್ತಿತ್ತೇನೋ. ನಮ್ಮ ಯಜಮಾನರು ನೇರವಾಗಿ ಮನೆದೇವರ ಗುಡಿಗೆ ಹೋಗಿ, ಅಂಗೈ ಮೇಲೆ ಕರ್ಪೂರ ಹಚ್ಚಿ, ಮಗನ ತಲೆಯ ಮೇಲೆ ಆಣೆ ಇಟ್ಟರು. ನಮ್ಮ ಮನೆಯ ಯಾರೂ ಆ ಮನೆಯವರ ಹತ್ತಿರ ಮಾತಾಡಕೂಡದು, ಅಲ್ಲಿ ಅನ್ನ ನೀರು ಮುಟ್ಟಕೂಡದು ಅಂತ. ಆ ವಾರವೇ ಭಾವನೂ ಹೋಗಿ ತಮ್ಮ ಮಗಳ ತಲೆಯ ಮೇಲೆ ಅಂಥದ್ದೇ ಆಣೆ ಇಟ್ಟು ಬಂದರು. ಗಂಡಸರ ಅಂಗೈ ಎರಡು ದಿನ ಉರಿದು ವಾಸಿಯಾಯಿತು. ಕಟ್ಟಿಹೋದದ್ದು ನಮ್ಮಿಬ್ಬರ ನಾಲಿಗೆ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅಕ್ಕನನ್ನೂ ಕೇಳಿರಲಿಕ್ಕಿಲ್ಲ.

ಆಣೆಯಲ್ಲಿ ನಂಬಿಕೆ ಇತ್ತೇ ಅಂತ ಕೇಳಿದರೆ ಏನು ಹೇಳಲಿ. ಪಿಯುಸಿವರೆಗೆ ಓದಿದವಳು ನಾನು, ಇವೆಲ್ಲ ಸುಳ್ಳು ಅಂತ ವಾದ ಮಾಡಬಲ್ಲೆ. ಆದರೆ ಒಬ್ಬನೇ ಮಗ. ಅವನು ದಿನಾ ಬೈಕು ಹತ್ತಿ, ಟ್ರಕ್ಕುಗಳ ನಡುವೆ ಹೆಬ್ಬಾಳದ ಫ್ಲೈಓವರ್ ದಾಟಿ ಕಾಲೇಜಿಗೆ ಹೋಗುತ್ತಿದ್ದ. ಅವನು ಸಂಜೆ ಗೇಟು ತೆಗೆಯುವ ಸದ್ದು ಕೇಳುವವರೆಗೆ ನನ್ನ ವಾದವೆಲ್ಲ ಬಾಲ ಮುದುರಿಕೊಂಡು ಕೂತಿರುತ್ತಿತ್ತು.

ಹಾಗೆ ಒಂದೇ ಕಾಂಪೌಂಡ್ ಗೋಡೆಯ ಈಚೆ ನಾನು, ಆಚೆ ಅಕ್ಕ. ಅವಳ ಕುಕ್ಕರಿನ ಸೀಟಿ ಕೇಳಿಸುತ್ತಿತ್ತು. ಒಗ್ಗರಣೆಯ ವಾಸನೆ ಬರುತ್ತಿತ್ತು, ಇವತ್ತು ಹುರುಳಿ ಬಸ್ಸಾರು ಅಂತ ಗೊತ್ತಾಗುತ್ತಿತ್ತು. ಬಟ್ಟೆ ಒಣಹಾಕಲು ಅವಳು ಮಹಡಿಗೆ ಬಂದರೆ ನಾನು ಇಳಿದುಬಿಡುತ್ತಿದ್ದೆ. ಕತ್ತು ಎಡಕ್ಕೆ ತಿರುಗುವುದು ನಿಂತದ್ದು ಆಗಲೇ. ಅವಳ ಮನೆ ಇದ್ದದ್ದು ಎಡಕ್ಕೆ.

ಮಾತ್ರೆ ನುಂಗಿ ನುಂಗಿ ಹೊಟ್ಟೆಯಲ್ಲಿ ಉರಿ ಶುರುವಾದ ಮೇಲೆ ಡಾಕ್ಟರೇ ಹೇಳಿದರು, ಸಂಜಯನಗರದಲ್ಲಿ ಒಬ್ಬರು ಮೇಡಮ್ ಇದ್ದಾರೆ, ನೋವಿರುವವರಿಗೆ ಅಂತಲೇ ನಿಧಾನವಾಗಿ ಯೋಗ ಮಾಡಿಸುತ್ತಾರೆ, ಹೋಗಿ ನೋಡಿ ಅಂತ. ಅದೇ ಡಾಕ್ಟರು ಮಂಡಿ ನೋವಿಗೆ ಅಂತ ಬಂದ ನಮ್ಮ ಅಕ್ಕನಿಗೂ ಅದೇ ಮಾತು ಹೇಳಿದ್ದರು. ಅವರಿಗೆ ನಮ್ಮ ಮನೆಯ ಪುರಾಣ ಏನು ಗೊತ್ತು?

ಮೊದಲ ದಿನ ಮಹಡಿ ಹತ್ತಿ ಒಳಗೆ ಕಾಲಿಟ್ಟೆ, ಮೂಲೆಯ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ವಾಪಸು ಹೋಗೋಣ ಅಂದುಕೊಂಡೆ. ಅವಳು ಸೀರೆಯ ಸೆರಗು ಬಿಗಿ ಮಾಡಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳು ಏಳಲಿಲ್ಲ ಅಂದಮೇಲೆ ನಾನು ಯಾಕೆ ಹೋಗಲಿ ಅಂತ ನನಗೂ ಹಟ ಬಂತು. ಕೋಣೆಯ ಇನ್ನೊಂದು ತುದಿಯಲ್ಲಿ ಹೋಗಿ ಕೂತೆ.

ಟೀಚರಮ್ಮ ತೆಳ್ಳಗೆ, ತಲೆ ಪೂರ್ತಿ ಬೆಳ್ಳಗೆ. ಅವರಿಗೇ ಹಿಂದೊಮ್ಮೆ ಬೆನ್ನಿನ ಆಪರೇಷನ್ ಆಗಿತ್ತಂತೆ. ಮಾತು ಎಷ್ಟು ಮೆಲ್ಲಗೆ ಅಂದರೆ, ಕೇಳಿಸಿಕೊಳ್ಳಲು ನಾವೇ ಉಸಿರು ಹಿಡಿಯಬೇಕಿತ್ತು. "ಉಸಿರು ಹಿಡೀಬೇಡ್ರೀ, ಬಿಡಿ," ಅಂತ ಅದಕ್ಕೂ ಹೇಳುತ್ತಿದ್ದರು. ಯೋಗ ಅಂದರೆ ಟೀವಿಯಲ್ಲಿ ಬೆಳಗ್ಗೆ ಬರುವವರ ಹಾಗೆ ಕಾಲನ್ನು ಕತ್ತಿಗೆ ಸುತ್ತಿಕೊಳ್ಳುವುದು ಅಂದುಕೊಂಡು ಹೆದರಿದ್ದೆ. ಇಲ್ಲಿ ಕುರ್ಚಿಯ ಮೇಲೆ ಕೂತು ಕಾಲ್ಬೆರಳು ಮಡಿಸಿ ಬಿಡಿಸುವುದೇ ಒಂದು ಪಾಠ. ಭುಜ ಎತ್ತಿ ಇಳಿಸುವುದು ಇನ್ನೊಂದು. ನೆಲದ ಮೇಲೆ ಮಲಗಿ ಕಾಲನ್ನು ಕುರ್ಚಿಯ ಮೇಲಿಟ್ಟು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಉಸಿರು ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದು. ಇದಕ್ಕಾಗಿ ಬಸ್ಸು ಹತ್ತಿ ಬಂದೆನಾ ಅಂತ ಮೊದಲ ವಾರ ಹೊಟ್ಟೆ ಉರಿಯಿತು.

ಮಾಡಿ ನೋಡಿದಾಗ ಗೊತ್ತಾಯಿತು, ಅದೇ ಕಷ್ಟ. ನನಗೆ ಭುಜ ಎತ್ತುವುದು ಬರುತ್ತಿತ್ತು, ಇಳಿಸುವುದು ಬರುತ್ತಿರಲಿಲ್ಲ. ಟೀಚರಮ್ಮ ಹಿಂದೆ ಬಂದು ನಿಂತು ಎರಡು ಬೆರಳು ಇಟ್ಟು, "ಇದನ್ನ ಯಾಕೆ ಕಿವಿಗೆ ಅಂಟಿಸ್ಕೊಂಡಿದೀರ? ಇಳಿಸಿ ಅಮ್ಮ. ಯಾರೂ ಏನೂ ಅನ್ನಲ್ಲ," ಅಂದರು. ಆಗ ಇಳಿಯಿತು. ಇಷ್ಟು ದಿನ ಅದನ್ನು ಎತ್ತಿಕೊಂಡೇ ಅಡುಗೆ ಮಾಡುತ್ತಿದ್ದೆ, ಎತ್ತಿಕೊಂಡೇ ಮಲಗುತ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ.

ಕೊನೆಯಲ್ಲಿ ಎಲ್ಲರೂ ಸುಮ್ಮನೆ ಮಲಗಬೇಕು. ಮೊದಲ ದಿನವೇ ಅದರಲ್ಲೊಂದು ರಾದ್ಧಾಂತವಾಯಿತು. ಕೋಣೆಯ ಉತ್ತರದ ಗೋಡೆಯ ಮೇಲೆ ದೇವರ ಫೋಟೋ ಇತ್ತು. ದೇವರ ಕಡೆ ಕಾಲು ಬೇಡ ಅಂತ ಟೀಚರಮ್ಮ ಎಲ್ಲರ ತಲೆ ಆ ಕಡೆ ಬರುವ ಹಾಗೆ ಎರಡು ಸಾಲು ಚಾಪೆ ಹಾಸಿಸಿದ್ದರು. ಮಲಗಿ ಅಂದಾಗ ಅಕ್ಕ ಮಲಗಲಿಲ್ಲ. "ಬಡಗ್ಲಿಕ್ಕೆ ತಲೆ ಆಕ್ಕೊಂಡ್ ಯಾರ್ ಮಲಗ್ತಾರಮ್ಮ? ಎಣ ಮಲಗ್ಸೋದು ಅಂಗೆ," ಅಂದಳು. ಅದುವರೆಗೆ ಆರಾಮಾಗಿ ಮಲಗಿದ್ದವರೆಲ್ಲ ಧಡಕ್ಕನೆ ಎದ್ದು ಕೂತರು. ಸೊಂಟ ನೋವಿನವರು ಅಷ್ಟು ಚುರುಕಾಗಿ ಏಳುವುದನ್ನು ನಾನು ಅಂದೇ ನೋಡಿದ್ದು. ದಕ್ಷಿಣಕ್ಕೆ ತಲೆ ಹಾಕಿದರೆ ದೇವರಿಗೆ ಕಾಲು. ಕೊನೆಗೆ ಪೂರ್ವಕ್ಕೆ ತಲೆ ಅಂತ ತೀರ್ಮಾನವಾಯಿತು. ಚಾಪೆ ತಿರುಗಿಸಿದಾಗ ಎರಡು ಸಾಲು ಹೋಗಿ ಒಂದೇ ಸಾಲಾಯಿತು. ಮುಂದಿನ ಸಾಲಿನ ಕೊನೆಯವಳು ಅಕ್ಕ, ಹಿಂದಿನ ಸಾಲಿನ ಮೊದಲನೆಯವಳು ನಾನು. ಮಧ್ಯೆ ಒಂದು ಗೇಣು ಜಾಗ ಬಿಟ್ಟು ಅಕ್ಕಪಕ್ಕ ಬಂದುಬಿಟ್ಟೆವು.

ಕಣ್ಣು ಮುಚ್ಚಿದೆ. ಪಾದ ಸಡಿಲ ಬಿಡಿ, ಮಂಡಿ ಸಡಿಲ ಬಿಡಿ ಅಂತ ಟೀಚರಮ್ಮ ಹೇಳುತ್ತಿದ್ದರು. ನನಗೆ ಅದೊಂದೂ ಕೇಳಿಸಲಿಲ್ಲ. ಅಕ್ಕನ ಉಸಿರು ಕೇಳಿಸುತ್ತಿತ್ತು. ಅವಳ ಮೂಗಿನಲ್ಲಿ ಚಿಕ್ಕಂದಿನಿಂದಲೂ ಒಂದು ಸಣ್ಣ ಸೀಟಿ. ಶೆಟ್ಟಿಹಳ್ಳಿಯ ಪಡಸಾಲೆಯಲ್ಲಿ ಒಂದೇ ಕಂಬಳಿಯೊಳಗೆ ಆ ಸೀಟಿ ಕೇಳುತ್ತಲೇ ನನಗೆ ನಿದ್ದೆ ಬರುತ್ತಿದ್ದದ್ದು. ಕಣ್ಣೀರು ಕಿವಿಯೊಳಗೆ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಲಿಲ್ಲ, ಎತ್ತಿದರೆ ಅವಳಿಗೆ ಗೊತ್ತಾಗುತ್ತದೆ. ಟೀಚರಮ್ಮ ಬಂದು ಕಣ್ಣಿನ ಮೇಲೆ ಒಂದು ಕರವಸ್ತ್ರ ಹಾಕಿ ಹೋದರು. ಆ ರಾತ್ರಿ ಎಷ್ಟೋ ತಿಂಗಳ ಮೇಲೆ ನಾನು ನಿದ್ದೆ ಮಾಡಿದೆ.

ಅಲ್ಲಿಂದ ಮುಂದೆ ಮಂಗಳವಾರ, ಗುರುವಾರ ಬಂದರೆ ಬೆಳಗ್ಗೆಯೇ ನನ್ನ ಕೆಲಸ ಸರಸರ ಸಾಗುತ್ತಿತ್ತು. ಇಬ್ಬರೂ ಬೇರೆ ಬೇರೆ ಬಸ್ಸು ಹಿಡಿಯುತ್ತಿದ್ದೆವು. ಒಂದೇ ಬಸ್ಸಾದರೆ ಒಬ್ಬಳು ಮುಂದೆ, ಒಬ್ಬಳು ಹಿಂದೆ. ಮಾತಿಲ್ಲ. ಆದರೆ ಟೀಚರಮ್ಮನ ಪಾಠಗಳಲ್ಲಿ ಒಂದಿತ್ತು, ಮಗ್ಗುಲಾಗಿ ಮಲಗಿ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆರೆಯುವುದು. ಕೈ ನೆಲ ಮುಟ್ಟದವರಿಗೆ ಪಕ್ಕದಲ್ಲಿರುವವರು ಭುಜದ ಕೆಳಗೆ ಅಂಗೈ ಕೊಟ್ಟು ಹಿಡಿದುಕೊಳ್ಳಬೇಕು. ನನ್ನ ಪಕ್ಕ ಇದ್ದವಳು ಅವಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಸಾರಿನ ಪುಡಿಯ ವಾಸನೆಯ ಆ ಒರಟು ಅಂಗೈ ನನ್ನ ಭುಜದ ಕೆಳಗೆ ಬಂತು. ಆಣೆಯಲ್ಲಿ ಮಾತು ಅಂತ ಇತ್ತು, ಅನ್ನ ನೀರು ಅಂತ ಇತ್ತು. ಭುಜದ ಸುದ್ದಿ ಇರಲಿಲ್ಲ. ನಾನು ನನ್ನ ತೋಳಿನ ಭಾರವನ್ನೆಲ್ಲ ಅವಳ ಕೈಗೆ ಬಿಟ್ಟೆ. ಕತ್ತು ತಾನಾಗಿಯೇ ಎಡಕ್ಕೆ ತಿರುಗಿತು.

ಆದರೂ ಹೊಟ್ಟೆ ತುಂಬಲಿಲ್ಲ. ನನಗೆ ಬೇಕಾಗಿದ್ದದ್ದು ಅವಳ ಮಾತು. ಒಂದು ಸಲ ಬೈದರೆ ಸಾಕು ಅನ್ನಿಸುತ್ತಿತ್ತು. ಅವಳಿಗೂ ಬೈಯದೆ ಬಾಯಿ ಕಡಿಯುತ್ತಿತ್ತೆಂದು ಕಾಣುತ್ತದೆ. ಒಂದು ಗುರುವಾರ ಪಾಠ ಮುಗಿದು ಎಲ್ಲರೂ ಚಾಪೆ ಸುತ್ತುತ್ತಿದ್ದಾಗ, ಅವಳು ನನ್ನ ಕಡೆ ನೋಡದೆ, ಎದುರಿಗಿದ್ದ ಖಾಲಿ ಕುರ್ಚಿಯ ಕಡೆ ಕೈ ತೋರಿಸಿ ಶುರುಮಾಡಿದಳು.

"ಈ ಕುರ್ಚಿಗೇನ್ ಬಂದೈತೋ. ಮಕ ನೋಡು, ಬಾಡೋಗೈತೆ. ಎದ್ದಂಗೇ ಬರೀ ಒಟ್ಟೇಲಿ ಕಾಪಿ ಕುಡ್ದು ಓಡ್ ಬಂದೈತೆ ಮೂದೇವಿ. ಒಂದ್ ರೊಟ್ಟಿ ತಟ್ಟ್ಕೊಂಡು ತಿನ್ನಕ್ಕೆ ಇದ್ರ ಕೈಗೇನು ಬಳೆ ಭಾರಾನಾ?"

ಟೀಚರಮ್ಮ ಕುರ್ಚಿಯನ್ನೂ ನೋಡಿದರು, ನಮ್ಮಿಬ್ಬರನ್ನೂ ನೋಡಿದರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಆ ಕುರ್ಚಿ ಮುಂದಿನ ಸಲ ತಿಂಡಿ ತಿಂದ್ಕೊಂಡೇ ಬರುತ್ತೆ ಬಿಡೀಮ್ಮ," ಅಂದರು. ನಾನು ಮೆಟ್ಟಿಲಿಳಿದು, ಬಸ್ ಸ್ಟಾಪಿನ ಪಕ್ಕದ ದರ್ಶಿನಿಗೆ ಹೋಗಿ, ನಿಂತುಕೊಂಡೇ ಎರಡು ಇಡ್ಲಿ, ಒಂದು ವಡೆ ತಿಂದೆ. ಅಷ್ಟು ರುಚಿಯಾದ ಇಡ್ಲಿ ಆಮೇಲೆ ನನಗೆ ಸಿಕ್ಕಿಲ್ಲ.

ಆ ಕುರ್ಚಿ ಯಾರ ಮನೆಯದೂ ಅಲ್ಲವಲ್ಲ. ಅದಕ್ಕೆ ಬೈದರೆ ಯಾರ ಮಕ್ಕಳಿಗೂ ಏನೂ ಆಗಬೇಕಾಗಿಲ್ಲ. ಅಂಥ ಉಪಾಯ ಹೊಳೆಯಬೇಕಾದರೆ ಅಕ್ಕನಂಥ ತಲೆಯೇ ಬೇಕು. ಅವತ್ತಿನಿಂದ ಪಾಠ ಮುಗಿದ ಮೇಲೆ ಕುರ್ಚಿಗೆ ಮಂಗಳಾರತಿ ನಡೆಯುತ್ತಿತ್ತು. ನಾನು ಬಿಪಿ ಮಾತ್ರೆ ಬಿಟ್ಟದ್ದು ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ, ಕುರ್ಚಿಗೆ ಬೈಗುಳ. ನಮ್ಮ ಮಗ ಇಂಜಿನಿಯರಿಂಗ್ ಮುಗಿಸಿದಾಗ, "ಕುರ್ಚಿಗೆ ಬಲೇ ಜಂಬ ಬಂದೈತೆ ಈಗ," ಅಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಉತ್ತರ ಕೊಡಬೇಕಾದರೆ ಕಿಟಕಿಗೆ ಹೇಳುತ್ತಿದ್ದೆ. ಬೇರೆ ಮೆಂಬರುಗಳು ಮೊದಮೊದಲು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು, ಆಮೇಲೆ ಅವರಿಗೂ ಅಭ್ಯಾಸವಾಯಿತು.

ಯೋಗದಿಂದ ಏನು ಬಂತು ಅಂತ ಯಾರಾದರೂ ಕೇಳಿದರೆ ನನಗೆ ಈಗಲೂ ಬಿಡಿಸಿ ಹೇಳಲು ಬರುವುದಿಲ್ಲ. ಸೊಂಟ ನೋವು ಪೂರ್ತಿ ಹೋಗಲಿಲ್ಲ, ಆದರೆ ಅದರ ಅಹಂಕಾರ ಇಳಿಯಿತು. ನೆಲಕ್ಕೆ ಕೂತು ರಾಗಿ ಮುದ್ದೆ ತಿರುವಲು ಮತ್ತೆ ಆಯಿತು. ನಿದ್ದೆ ಬಂತು. ಸಿಟ್ಟು ಬಂದಾಗ ಅದು ಬರುತ್ತಿದೆ ಅಂತ ಮೊದಲೇ ಗೊತ್ತಾಗುತ್ತಿತ್ತು, ಭುಜ ಕಿವಿಯ ಹತ್ತಿರ ಹೋಗುತ್ತಿತ್ತಲ್ಲ. ಅಕ್ಕನ ಮಂಡಿಯೂ ಹಿಡಿತಕ್ಕೆ ಬಂತು. ಅವಳು ಮೆಟ್ಟಿಲನ್ನು ಮಗುವಿನ ಹಾಗೆ ಎರಡೂ ಕಾಲಿಟ್ಟು ಹತ್ತುತ್ತಿದ್ದವಳು, ಆಮೇಲೆ ಒಂದೊಂದೇ ಕಾಲಿಡತೊಡಗಿದಳು. ಇದರಲ್ಲಿ ಉಸಿರಿನ ಪಾಲೆಷ್ಟು, ಬೈಗುಳದ ಪಾಲೆಷ್ಟು ಅಂತ ಬೇರೆ ಮಾಡಿ ನೋಡಲು ನನಗೆ ಆಸೆಯಿಲ್ಲ.

ಯಜಮಾನರಿಗೆ ವಿಷಯ ಗೊತ್ತಾಗದೆ ಇರುತ್ತದೆಯೇ? ಕೊಡಿಗೇಹಳ್ಳಿಯಲ್ಲಿ ಎಷ್ಟು ಅಪಾರ್ಟ್‌ಮೆಂಟು ಎದ್ದರೂ ಹಳೆಯ ಮನೆಗಳವರ ಕಿವಿ ಹಳೆಯದೇ. ಒಂದು ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಕೇಳಿದರು.

"ಅವ್ರೂ ಬರ್ತಾರಂತಲ್ಲ ಅಲ್ಲಿಗೆ?"

"ಬರ್ತಾರೆ. ನಾನೇನ್ ಮಾತಾಡ್ಸಲ್ಲ."

ಅವರು ಮುದ್ದೆ ಮುರಿಯುತ್ತ, "ಆ ಬಸ್ಸಲ್ಲಿ ಯಾಕೆ ಒದ್ದಾಡ್ತೀಯ, ಗಾಡೀಲಿ ಬಿಡ್ತೀನಿ," ಅಂದರು. ಆಮೇಲೆ ಹಲವು ಸಲ ಸ್ಕೂಟರಿನಲ್ಲಿ ತಂದು ಬಿಟ್ಟರು. ಒಂದೆರಡು ಸಲ ಭಾವನೂ ಅಕ್ಕನನ್ನು ಬಿಡಲು ಬಂದಿದ್ದರು. ಅಣ್ಣತಮ್ಮಂದಿರು ರಸ್ತೆಯ ಆಚೆ ಈಚೆ ಗಾಡಿ ನಿಲ್ಲಿಸಿಕೊಂಡು, ಒಬ್ಬರು ಆಕಾಶ, ಒಬ್ಬರು ಟ್ರಾನ್ಸ್‌ಫಾರ್ಮರ್ ನೋಡುತ್ತ ನಿಂತಿದ್ದರು. ಮಹಡಿಯ ಕಿಟಕಿಯಿಂದ ನೋಡಿ ನನಗೆ ನಗು ಬಂತು. ಇವರನ್ನೂ ಮೇಲೆ ಕರೆತಂದು ಭುಜ ಇಳಿಸುವುದು ಕಲಿಸಬೇಕು ಅಂತ ಕಿಟಕಿಗೆ ಹೇಳಿದೆ. ಹಿಂದಿನಿಂದ ಅಕ್ಕ ಕಿಸಕ್ಕನೆ ನಕ್ಕಳು.

ಹೀಗೆ ವರ್ಷಗಳು ಹೋದವು. ಇದು ಹೀಗೇ ಇರುತ್ತದೆ ಅಂದುಕೊಂಡಿದ್ದೆ.

ಒಂದು ಬೆಳಗ್ಗೆ ದೋಸೆ ಹುಯ್ಯುತ್ತಿದ್ದೆ. ಅಕ್ಕನ ಮಗಳು ನಮ್ಮ ಗೇಟಿನ ಹತ್ತಿರ ನಿಂತು, "ಚಿಕ್ಕಮ್ಮ" ಅಂತ ಕೂಗಿದಳು. ಎಷ್ಟೋ ವರ್ಷದ ಮೇಲೆ ಆ ಹುಡುಗಿಯ ಬಾಯಿಂದ ಆ ಶಬ್ದ ಕೇಳಿದ್ದು. ದೋಸೆ ಹಂಚಿನ ಮೇಲೇ ಬಿಟ್ಟು ಓಡಿದೆ. ಆ ಮನೆಯ ಹೊಸಿಲು ದಾಟುವಾಗ ಆಣೆಯ ನೆನಪೂ ಬರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಅಕ್ಕ ಬಿದ್ದಿದ್ದಳು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಬಲಗೈ ಅವಳದೇ ಅಲ್ಲವೇನೋ ಅನ್ನುವ ಹಾಗೆ ಪಕ್ಕದಲ್ಲಿತ್ತು. "ಅಕ್ಕ, ನಾನು ಕಣೇ, ಮಾತಾಡೇ," ಅಂದೆ. ಕಣ್ಣು ನನ್ನನ್ನೇ ನೋಡುತ್ತಿತ್ತು. ಗಂಟಲಿನಿಂದ ಏನೋ ಸದ್ದು ಬಂತು, ಮಾತಾಗಲಿಲ್ಲ.

ಆಸ್ಪತ್ರೆಯಲ್ಲಿ ಲಕ್ವ ಅಂದರು. ಪ್ರಾಣಕ್ಕೆ ಅಪಾಯವಿಲ್ಲ ಅಂದ ಮೇಲೆ ಐಸಿಯು ಮುಂದಿನ ಬೆಂಚಿನಲ್ಲಿ ಭಾವ ಕುಸಿದು ಕೂತರು. ನಮ್ಮ ಯಜಮಾನರು ಹೋಗಿ ಅವರ ಪಕ್ಕ ಕೂತು, ಹೆಗಲ ಮೇಲೆ ಕೈ ಹಾಕಿದರು. ಇಬ್ಬರೂ ಅತ್ತರು. ನೋಡಿದವರೆಲ್ಲ ಸಮಾಧಾನಪಟ್ಟರು, ಅಂತೂ ಒಂದಾದರಲ್ಲ ಅಂತ. ಮುಂದಿನ ವಾರವೇ ಅಣ್ಣತಮ್ಮಂದಿರು ಒಂದೇ ಕಾರಿನಲ್ಲಿ ಮನೆದೇವರ ಗುಡಿಗೆ ಹೋಗಿ, ತಪ್ಪು ಕಾಣಿಕೆ ಕಟ್ಟಿ, ಒಂದು ತೆಂಗಿನಕಾಯಿ ಒಡೆದು, ಆಣೆ ಬಿಡಿಸಿಕೊಂಡು ಬಂದರು. ನನ್ನ ಕೈಗೆ ಕಾಯಿಚೂರಿನ ಪ್ರಸಾದ ಕೊಟ್ಟು, "ಇನ್ಮೇಲೆ ಏನೂ ಇಲ್ಲ, ಮಾತಾಡ್ಬೋದು," ಅಂದರು ನಮ್ಮವರು.

ಆ ದಿನ ನನಗೆ ಬಂದ ಸಿಟ್ಟು ಯಾವ ಉಸಿರಾಟಕ್ಕೂ ಬಗ್ಗುವಂಥದ್ದಾಗಿರಲಿಲ್ಲ. ಒಂದು ತೆಂಗಿನಕಾಯಿ. ಇಷ್ಟೇ ಇದ್ದದ್ದಾದರೆ ಆವಾಗಲೇ ಯಾಕೆ ಒಡೆಯಲಿಲ್ಲ? "ಯಾರ ಹತ್ರ ಮಾತಾಡ್ಲಿ? ಅವಳಿಗೆ ಬಾಯಿ ಇದ್ದಾಗ ಕಟ್ಟಿ ಹಾಕಿದ್ರಿ. ಈಗ ಬಾಯಿ ಹೋದ್ಮೇಲೆ ಬಿಚ್ಚಿ ತಂದು ಕೊಡ್ತಿದೀರಲ್ಲ," ಅಂದೆ. ಪ್ರಸಾದ ಕಣ್ಣಿಗೊತ್ತಿಕೊಂಡೆ, ತಿನ್ನಲು ಮಾತ್ರ ಆಗಲಿಲ್ಲ.

ಅಕ್ಕ ಮನೆಗೆ ಬಂದಳು. ಕೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಲು ಪದ ಸಿಗುವುದಿಲ್ಲ ಅಂತ ಡಾಕ್ಟರು ವಿವರಿಸಿದರು. ಸುದ್ದಿ ತಿಳಿದು ಟೀಚರಮ್ಮ ಆಟೋ ಮಾಡಿಕೊಂಡು ಬಂದರು. ಡಾಕ್ಟರನ್ನು ಕೇಳಿ, ಅವರು ಸರಿ ಅಂದದ್ದನ್ನಷ್ಟೇ ನನಗೆ ತೋರಿಸಿಕೊಟ್ಟರು. "ಇದು ಔಷಧಿ ಬದಲಿಗೆ ಅಲ್ಲ, ಔಷಧಿ ಜೊತೆಗೆ. ನಿಧಾನ ಕಣ್ರೀ, ಅವಸರ ಮಾಡ್ಬೇಡಿ," ಅಂದರು. ದಿನಾ ಬೆಳಗ್ಗೆ ನಾನು ಹೋಗುತ್ತೇನೆ. ಅವಳ ಬಲಗೈಯ ಬೆರಳನ್ನು ಒಂದೊಂದಾಗಿ ಬಿಡಿಸುತ್ತೇನೆ. ಭುಜದ ಕೆಳಗೆ ಅಂಗೈ ಕೊಟ್ಟು, ಕೈಯನ್ನು ಅವಳ ಉಸಿರಿನ ಜೊತೆ ಎತ್ತಿ, ಉಸಿರಿನ ಜೊತೆ ಇಳಿಸುತ್ತೇನೆ. ಮೊದಲು ಕಾಲು ಮಾತು ಕೇಳಿತು. ಈಗ ಕೋಲು ಹಿಡಿದು ಬಾಗಿಲವರೆಗೆ ನಡೆದು ಬರುತ್ತಾಳೆ. ಕೈ ಒಂದಿಷ್ಟು ಏಳುತ್ತದೆ. ಮೊದಮೊದಲು ಯಾರನ್ನು ನೋಡಿದರೂ ಬರುತ್ತಿದ್ದ ಅಳು ನಿಂತಿದೆ. ಮಾತು ಮಾತ್ರ ಬರಲಿಲ್ಲ. ಹೂಂ ಅನ್ನುತ್ತಾಳೆ, ಊಹೂಂ ಅನ್ನುತ್ತಾಳೆ, ಅಷ್ಟೇ.

ಅವಳ ಪಾಲಿನದನ್ನೂ ನಾನೇ ಆಡಿದೆ. ಇಷ್ಟು ವರ್ಷ ಕಿಟಕಿಗೆ ಹೇಳಿ ಮುಗಿಯದೆ ಉಳಿದದ್ದನ್ನೆಲ್ಲ ಹೇಳಿದೆ. ಶೆಟ್ಟಿಹಳ್ಳಿಯಲ್ಲಿ ಯಾರು ಹೋದರು, ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು, ನಮ್ಮ ಮಗ ಯಾವ ಹುಡುಗಿಯ ಫೋನು ಬಂದರೆ ಮಹಡಿಗೆ ಓಡುತ್ತಾನೆ. ಬೇಕಂತಲೇ ಸಾರಿಗೆ ಉಪ್ಪು ಜಾಸ್ತಿ ಹಾಕಿ ತಂದು ತಿನ್ನಿಸಿದ್ದೂ ಉಂಟು. ಒಂದು ಮಾತು ಬೈಯಲಿ ಅಂತ. ಅವಳು ಮುಖ ಸಿಂಡರಿಸಿ ನುಂಗಿದಳು.

ಈ ವರ್ಷ ಒಂದು ಮಧ್ಯಾಹ್ನ ಹೀಗೇ ಅವಳ ಮಂಚದ ಪಕ್ಕ ಕೂತು ಒದರುತ್ತಿದ್ದೆ. ಅಕ್ಕ ಎಡಗೈ ಎತ್ತಿ ನನ್ನ ಬಾಯಿಯ ಮೇಲಿಟ್ಟಳು. ಸಿಟ್ಟಿನಿಂದಲ್ಲ. ಆಮೇಲೆ ಅದೇ ಕೈಯಿಂದ ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಅಂಗೈಯ ಕೆಳಗೆ ಹೊಟ್ಟೆ ಮೆಲ್ಲಗೆ ಏರಿತು, ಅದಕ್ಕಿಂತ ಮೆಲ್ಲಗೆ ಇಳಿಯಿತು. ಮುಖದ ಮೇಲೆ ಯಾವ ಕೊರತೆಯೂ ಇರಲಿಲ್ಲ. ತಂಗಿ ಪಕ್ಕದಲ್ಲಿದ್ದಾಳೆ, ಉಸಿರು ಆಡುತ್ತಿದೆ. ಅವಳಿಗೆ ಅಷ್ಟು ಸಾಕಾಗಿತ್ತು. ಟೀಚರಮ್ಮ ನೋಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ.

ನನಗೆ ಸಾಕಾಗಿರಲಿಲ್ಲ. ಇಷ್ಟು ವರ್ಷ ಕಲಿತರೂ ನಾನು ಅಷ್ಟು ದೊಡ್ಡವಳಾಗಲಿಲ್ಲ. ಉಸಿರು ಸಿಕ್ಕಿದೆ, ಕೈ ಸಿಕ್ಕಿದೆ, ಇನ್ನೂ ಅವಳ ಮಾತು ಬೇಕು ಅಂತ ಜೀವ ಒದ್ದಾಡುತ್ತದೆ. ಅವಳಿಗೆ ನಿದ್ದೆ ಹತ್ತಿತು. ಮಧ್ಯಾಹ್ನ ಮೂರಾಗಿತ್ತು, ನಾನಿನ್ನೂ ಊಟ ಮಾಡಿರಲಿಲ್ಲ. ಅವಳು ಬೈಯಬೇಕಾಗಿದ್ದನ್ನೆಲ್ಲ ಅವಳ ಪರವಾಗಿ ನಾನೇ ಮೆಲ್ಲಗೆ ನನಗೆ ಬೈದುಕೊಂಡೆ. ನನಗೆ ಅವಳಷ್ಟು ಚೆನ್ನಾಗಿ ಬೈಯಲು ಬರುವುದಿಲ್ಲ.